ಬಸಿ ಕೊಳವೆ: ಒಳಗೋ, ಹೊರಗೋ

ಈ ಕಥೆಯನ್ನು ಎಲ್ಲಿಂದ ಶುರುಮಾಡುವುದು? ಹೆಣದಿಂದಲೋ, ಕೊಳವೆಯಿಂದಲೋ? ಹೆಣದಿಂದ ಶುರುಮಾಡಿದರೆ ನೀವು ಓದುತ್ತೀರಿ, ನನಗೆ ಗೊತ್ತು. ಕೊಳವೆಯಿಂದ ಶುರುಮಾಡಿದರೆ ಎರಡನೇ ಸಾಲಿಗೇ ಆಕಳಿಸುತ್ತೀರಿ. ಆದರೆ ಕ್ಲಿಫರ್ಡ್ ಸತ್ತದ್ದು ಕೊಳವೆಯಿಂದ. ಆದ್ದರಿಂದ ಸ್ವಲ್ಪ ಆಕಳಿಸಿ, ಪರವಾಗಿಲ್ಲ.

೧

ಬಾಯ್ಲರ್ ಎಂದರೆ ನಿಮ್ಮ ಬಚ್ಚಲ ಹಂಡೆಯಲ್ಲ. ಇಂಗ್ಲೆಂಡಿನ ನಮ್ಮ ಯಾರ್ಕ್‌ಶೈರಿನಲ್ಲಿ ಅದು ಅಡುಗೆಮನೆಯ ಗೋಡೆಗೆ ನೇತುಬಿದ್ದ ಬಿಳಿ ಪೆಟ್ಟಿಗೆ. ಗ್ಯಾಸು ಉರಿಸಿ ಇಡೀ ಮನೆಯನ್ನು ಬೆಚ್ಚಗಿಡುತ್ತದೆ. ಈಗಿನ ಪೆಟ್ಟಿಗೆಗಳು ಮಹಾ ಜಿಪುಣ. ಹೊರಗೆ ಹೋಗುವ ಹೊಗೆಯ ಬಿಸಿಯನ್ನೂ ಹಿಂಡಿಕೊಳ್ಳುತ್ತವೆ. ಹಾಗೆ ಹಿಂಡಿದಾಗ ಹೊಗೆಯಲ್ಲಿದ್ದ ಆವಿ ನೀರಾಗಿ ತೊಟ್ಟಿಕ್ಕುತ್ತದೆ. ಆ ನೀರು ಬಸಿದುಹೋಗಲು ಒಂದು ಪ್ಲಾಸ್ಟಿಕ್ ಕೊಳವೆ. ಅದು ಮನೆಯೊಳಗೇ ಇಳಿಜಾರಾಗಿ ಸಾಗಿ ಸಿಂಕಿನ ಕೊಳವೆಗೆ ಸೇರಬೇಕು. ಹೊರಗೆ ಬಿಡಲೇಬೇಕಾದರೆ ದಪ್ಪ ಕೊಳವೆ, ಗಿಡ್ಡ ದಾರಿ, ಮೇಲೊಂದು ಹೊದಿಕೆ. ಇಲ್ಲದಿದ್ದರೆ ಹಿಮಗಟ್ಟಿದ ದಿನ ಒಳಗಿನ ನೀರು ಕಲ್ಲಾಗುತ್ತದೆ, ಪೆಟ್ಟಿಗೆ ಗೊಳಗೊಳ ಎಂದು ತಾನಾಗಿಯೇ ಆರಿಹೋಗುತ್ತದೆ. ಬೆಂಕಿ ತೀರಾ ಬೇಕಾದ ದಿನವೇ. (ಕಂಡುಹಿಡಿದ ಮಹಾನುಭಾವರಿಗೆ ಸಾಷ್ಟಾಂಗ.)

ಇದು ಕಥೆಯಲ್ಲ, ಕೈಪಿಡಿ. ಹೊಡೆದುಹಾಕೋಣವೆಂದುಕೊಂಡೆ. ಆದರೆ ಇದಿಲ್ಲದೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

೨

ಕ್ಲಿಫರ್ಡ್ ನಮ್ಮ ಓಣಿಯವನು. ಕಲ್ಲುಗಣಿಯ ದೂಳು ಕುಡಿದು ಎದೆ ಹಾಳುಮಾಡಿಕೊಂಡಿದ್ದ. ಅವನ ಹೆಂಡತಿ ನೊರೀನ್ ಶಾಲೆಯ ಅಡುಗೆಮನೆಯಲ್ಲಿ ಊರ ಮಕ್ಕಳಿಗೆಲ್ಲ ಬಡಿಸುತ್ತ ತನಗೊಂದು ಒಳ್ಳೆಯ ಅಡುಗೆಮನೆಗಾಗಿ ಕಾದವಳು. ಕೊನೆಗೂ ಬಂತು. ತಿಳಿನೀಲಿ ಕಪಾಟುಗಳು. ಅದರ ಬೆನ್ನಿಗೇ ಹಳೆಯ ಬಾಯ್ಲರ್ ಕೆಟ್ಟಿತು. ಹೊಸದನ್ನು ಕೂರಿಸಲು ಬಂದವನು ರಾಯ್ಸ್ಟನ್, ನೊರೀನಳ ತಂಗಿಯ ಮಗ, ಗ್ಯಾಸ್ ಕೆಲಸದವನು.

"ದೊಡ್ಡಮ್ಮ, ಕೊಳವೆ ಒಳಗೇ ಒಯ್ತೀನಿ. ಕಪಾಟುಗಳಿಗೆ ಒಂದೊಂದು ತೂತು ಬೀಳುತ್ತೆ, ಅಷ್ಟೇ."

"ತೂತಾ? ಮೇಲಿನ ಪ್ಲಾಸ್ಟಿಕ್ಕೇ ಇನ್ನೂ ಕಿತ್ತಿಲ್ಲ ಕಣೋ! ನಿನ್ನ ತಲೆಗೆ ಕೊರ್ಕೋ ತೂತು."

ಕ್ಲಿಫರ್ಡ್ ಕೆಮ್ಮುತ್ತ ನಕ್ಕ. "ಹೊರಗೇ ಬಿಡೋ ಮಾರಾಯ. ಓಣಿಯೋರದ್ದೆಲ್ಲ ಹೊರಗೇ ಇಲ್ವಾ? ನಿಂಗೇನು, ಸಂಜೆ ಹೋಗ್ತೀಯ. ನಾನು ದಿನಾ ಇವಳ ಮುಖ ನೋಡ್ಕೊಂಡು ಊಟ ಮಾಡ್ಬೇಕು."

ಸರಿ, ಕೊಳವೆ ಹೊರಗೆ ಹೋಯಿತು. ಸಣ್ಣ ಕೊಳವೆ, ಉದ್ದ ದಾರಿ, ಬಿಸಿಲು ಕಾಣದ ಉತ್ತರದ ಗೋಡೆ. ಹೊದಿಕೆ ಖಾಲಿಯಾಗಿತ್ತು, ಇನ್ನೊಮ್ಮೆ ತರುತ್ತೇನೆಂದ ರಾಯ್ಸ್ಟನ್. ತರಲಿಲ್ಲ.

೩

ಜನವರಿಯಲ್ಲಿ ನೊರೀನ್ ತಂಗಿಯ ಮನೆಗೆಂದು ಕಡಲ ದಂಡೆಯ ಮೋರ್ಕಂಬ್‌ಗೆ ಹೋದಳು. ಹಿಮ ಬಿತ್ತು. ಭಾನುವಾರ ಬೆಳಿಗ್ಗೆ ಪೆಟ್ಟಿಗೆ ಗೊಳಗೊಳ ಎಂದು ಆರಿತು. ನೊರೀನ್ ಫೋನ್ ಮಾಡಿದಳು.

"ಮನೆ ಬೆಚ್ಚಗಿದ್ಯಾ?"

"ಕೂತಲ್ಲೇ ಬೇಯ್ತಿದೀನಿ ಕಣೇ. ನೀನು ಆರಾಮಾಗಿರು."

ಆಗ ಅವನು ಕೋಟು, ಟೋಪಿ ಹಾಕಿ ಕೂತಿದ್ದಿರಬೇಕು. ರಾಯ್ಸ್ಟನ್ ಇದ್ದದ್ದು ಎರಡು ಓಣಿಯಾಚೆ. ಆದರೆ ಭಾನುವಾರ ಮಧ್ಯಾಹ್ನ, ಹುಡುಗ ಹೆಂಡತಿಯ ಮನೆಯವರ ಜೊತೆ ಹುರಿದ ಮಾಂಸದ ಊಟಕ್ಕೆ ಕೂತಿರುತ್ತಾನೆ, ಎಬ್ಬಿಸುವುದು ಹೇಗೆ? ಯಾರಿಗೂ ತೊಂದರೆ ಕೊಡಬಾರದು. ನಮ್ಮ ಊರಲ್ಲಿ ದೇವರನ್ನು ಬಿಟ್ಟವರೂ ಇದನ್ನು ಬಿಟ್ಟಿಲ್ಲ. ಸೋಮವಾರ ನೊರೀನ್ ಬಂದಾಗ ಕ್ಲಿಫರ್ಡ್ ಕುರ್ಚಿಯಲ್ಲಿದ್ದ. ರಬ್ಬರಿನ ಬಿಸಿನೀರ ಚೀಲವನ್ನು ಎದೆಗವುಚಿಕೊಂಡಿದ್ದ, ಅದು ತಣ್ಣಗಾಗಿತ್ತು. ಅದೇ ಚೀಲವನ್ನು ಹೊರಗಿನ ಕೊಳವೆಗೆ ಕಟ್ಟಿದ್ದರೆ ಒಳಗಿನ ಮಂಜುಗಡ್ಡೆ ಕರಗಿ ಬಾಯ್ಲರ್ ಹತ್ತಿಕೊಳ್ಳುತ್ತಿತ್ತು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಗೊತ್ತಾಗುವುದಿಲ್ಲ.

(ಸಿಟ್ಟಿಗೊಬ್ಬ ಖಳ ಬೇಕು. ರಾಯ್ಸ್ಟನ್ ಎದುರಿಗೇ ಇದ್ದಾನೆ.)

೪

"ಹೊದಿಕೆ ವಿಷಯ ತೆಗೆದ್ಹಾಕಿ," ಎಂದ ರಾಯ್ಸ್ಟನ್. ಪಾತ್ರಗಳು ಹೀಗೆ ಹಸ್ತಪ್ರತಿಗೆ ನುಗ್ಗುವುದು ಆಧುನಿಕೋತ್ತರ ಕಥೆಯಲ್ಲಿ ಮಾಮೂಲು ಎನ್ನುತ್ತಾರೆ. ನನಗಂತೂ ಬಾಗಿಲು ತಟ್ಟಿಯೇ ಬಂದ ಹಾಗಿತ್ತು.

"ತೆಗೆಯಲ್ಲ."

"ಒಳಗೇ ಒಯ್ತೀನಿ ಅಂದಿದ್ದೆ ನಾನು."

"ಅದನ್ನೂ ಬರೆದಿದೀನಲ್ಲ."

"ಬರೀರಿ, ಬರೀರಿ. ನಿಮ್ಮನೆ ಕೊಳವೆ ಎಲ್ಲಿದೆ, ಅದನ್ನೂ ನೋಡ್ಕೊಂಡು ಬಂದು ಬರೀರಿ."

ಹೋಗಿ ನೋಡಿದೆ. ಹೊರಗಿತ್ತು. ಖಳನ ವಿಷಯ ಅಲ್ಲಿಗೆ ಬಿಟ್ಟೆ.

೩, ಮತ್ತೆ

ಕೊಳವೆಯನ್ನು ಒಳಗೆ ಹಾಯಿಸಿದೆ. ಲೇಖಕನಿಗೆ ಅಷ್ಟೂ ಅಧಿಕಾರವಿಲ್ಲವೇ? ಈ ಕರಡಿನಲ್ಲಿ ನೊರೀನ್ ಗೊಣಗಿ ಒಪ್ಪುತ್ತಾಳೆ, ಹಿಮ ಬೀಳುತ್ತದೆ, ಕ್ಲಿಫರ್ಡ್ ಬೆಚ್ಚಗೆ ಕೂತು ಅವಳು ಬರುವುದನ್ನೇ ಕಾಯುತ್ತಾನೆ. ಅದನ್ನು ನೊರೀನಳಿಗೆ ಓದಿ ಹೇಳಿದೆ. (ಅವಳು ಪಾತ್ರವೋ ನೆರೆಯವಳೋ ಎಂದು ಕೇಳಬೇಡಿ.) ಅವಳ ಅಡುಗೆಮನೆಯಲ್ಲಿ ಇಬ್ಬರೂ ಕೋಟು ಬಿಚ್ಚದೆ ಕೂತಿದ್ದೆವು. ಮತ್ತೆ ಚಳಿಗಾಲ ಬಂದಿದೆ. ಕ್ಲಿಫರ್ಡ್ ಹೋದಾಗಿನಿಂದ ಅವಳು ಬಾಯ್ಲರ್ ಹಚ್ಚಿಲ್ಲ. ಬೆರಳುಗಳು ನೇರಳೆಯಾಗಿವೆ.

"ಹರಿದು ಹಾಕು," ಎಂದಳು.

"ಯಾಕೆ? ಬದುಕಿದಾನಲ್ಲ."

"ಇವನ್ಯಾರೋ ಬೇರೆಯವನು. ತೂತು ಬೇಡ ಅಂದೋಳು ನಾನು. ಅದನ್ನ ಅಳಿಸೋಕೆ ನೀನ್ಯಾರು?"

"ಹೋಗ್ಲಿ, ಈಗಲಾದ್ರೂ ರಾಯ್ಸ್ಟನ್‌ನ ಒಳಗೆ ಬಿಡು. ಕೊಳವೆ ಒಳಗೆ ತರ್ತೀನಿ ಅಂತ ದಿನಾ ಬಂದು ಬಾಗಿಲಲ್ಲಿ ನಿಂತು ಹೋಗ್ತಾನೆ. ಕಪಾಟು ಹಾಳಾಗುತ್ತೆ ಅನ್ನೋ ಭಯಾನಾ ನಿಂಗಿನ್ನೂ?"

"ಕಪಾಟಿಗೆ ಬೆಂಕಿ ಬೀಳ್ಲಿ!" ಎಂದು ಕೂಗಿದಳು. ಆಮೇಲೆ ತಣ್ಣಗೆ ಹೇಳಿದಳು: "ಒಂದು ಹೊತ್ತಿನ ಕೆಲ್ಸ ಅಂತೆ ಕಣೋ. ಅವನು ಮಾಡಿ ಮುಗಿಸಿದ್ರೆ ನಂಗೆ ಕಣ್ಣಾರೆ ಕಂಡುಬಿಡುತ್ತೆ, ಇಷ್ಟೇ ಸಾಕಿತ್ತು ಅಂತ. ಆಮೇಲೆ ನಾನು ಈ ಮನೇಲಿ ಹೇಗಿರ್ಲಿ?"

ಕರಡನ್ನು ಹರಿದೆ.

ಒಂದು ಅಂತ್ಯ: ಅವಳು ಬಾಗಿಲು ತೆಗೆಯುವುದಿಲ್ಲ. ಹಿಮ ಬೀಳುತ್ತದೆ. ಅದೇ ಕುರ್ಚಿ. ಬರೆದು ಮುಗಿಸಿದಾಗ ತುಂಬ ಅಚ್ಚುಕಟ್ಟಾಗಿತ್ತು, ವಿಮರ್ಶಕರು ಮೆಚ್ಚುವಷ್ಟು. ನಾಚಿಕೆಯಾಗಿ ಸುಟ್ಟೆ.

ಇನ್ನೊಂದು ಅಂತ್ಯ: ಬಾಯ್ಲರ್ ಹತ್ತಿಕೊಳ್ಳುತ್ತದೆ, ನೊರೀನ್ ಕಣ್ಣೊರೆಸಿಕೊಂಡು ಮುಗುಳ್ನಗುತ್ತಾಳೆ. ಮುಗುಳ್ನಗೆಯವರೆಗೆ ಬರೆದೆ. ಅವಳು ನಗಲಿಲ್ಲ.

ಇದು ಅಂತ್ಯವಲ್ಲ:

ಇವತ್ತು ಬೆಳಿಗ್ಗೆ ಬಾಗಿಲು ತೆಗೆದಳು. ರಾಯ್ಸ್ಟನ್ ಸಾಮಾನಿನ ಚೀಲ ಹಿಡಿದು ನಿಂತಿದ್ದ.

"ತೂತು ಕೊರಿ," ಎಂದಳು. "ಆದ್ರೆ ಎಷ್ಟು ಹೊತ್ತು ಹಿಡೀತು ಅಂತ ನಂಗೆ ಹೇಳ್ಬೇಡ."

"ದೊಡ್ಡಮ್ಮ..."

"ಮಾತಾಡ್ಬೇಡ. ಕೊರಿ."

ಅವಳು ಮಹಡಿ ಹತ್ತಿ ಕೋಣೆಯ ಬಾಗಿಲು ಹಾಕಿಕೊಂಡಳು. ಕೆಳಗೆ ಕಪಾಟುಗಳಿಗೆ ಒಂದರ ಹಿಂದೊಂದು ತೂತು ಬಿತ್ತು. ಕೊಳವೆ ಇಳಿಜಾರಾಗಿ ಸಾಗಿ ಸಿಂಕಿನ ಕೊಳವೆಗೆ ಸೇರಿತು. ಅವನು ಒಂದು ಲೋಟ ನೀರು ಹೊಯ್ದು ನೋಡಿದ, ಸರಾಗವಾಗಿ ಹೋಯಿತು. ಆಗಿನ್ನೂ ಮಧ್ಯಾಹ್ನವೂ ಆಗಿರಲಿಲ್ಲ.

ಅವನು ಏಳಲಿಲ್ಲ. ಸಿಂಕಿನ ಕೆಳಗೆ ಅಂಗಾತ ಮಲಗಿ ಸ್ಪ್ಯಾನರಿನಿಂದ ಖಾಲಿ ನೆಲಕ್ಕೆ ಕುಟ್ಟತೊಡಗಿದ. ಡ್ರಿಲ್ಲನ್ನು ಗಾಳಿಯಲ್ಲೇ ಗರಗರ ತಿರುಗಿಸಿದ. ನಡುನಡುವೆ, ಮಹಡಿಗೆ ಕೇಳುವಷ್ಟು ಗಟ್ಟಿಯಾಗಿ, "ಥೂ, ಇದೆಂಥ ಕಷ್ಟದ ಕೆಲ್ಸ ಮಾರಾಯ್ರೇ" ಎಂದು ಬೈದುಕೊಂಡ. ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು.

ಹೊರಗೆ ಕತ್ತಲಾಗುತ್ತಿದೆ. ಅವನಿನ್ನೂ ಕುಟ್ಟುತ್ತಿದ್ದಾನೆ. ಅವಳು ಕೆಳಗಿಳಿದಳೇ, ಬಾಯ್ಲರ್ ಹಚ್ಚಿದಳೇ ಎಂದು ಕೇಳುತ್ತೀರಿ. ಅದಕ್ಕೆ ಅವನು ಕೆಲಸ ಮುಗಿಯಿತೆಂದು ಏಳಬೇಕು. ಏಳು ಎನ್ನಲು ನನಗೆ ಬಾಯಿ ಬರುತ್ತಿಲ್ಲ.