ಮಂಡಿಯಿಲ್ಲದ ಗೊಂಬೆ

"ಕುರ್ಚಿ ಮೇಲೆ ಕೂತಂಗೆ ಕೂತ್ಕೊ ಮಗ. ಮಂಡಿ ಬಗ್ಸು, ಮಂಡಿ!" ಎಂದು ಬೋರಲಿಂಗಯ್ಯ ಮೇಷ್ಟ್ರು ಹೇಳುತ್ತಿದ್ದ ಹಾಗೆಯೇ ಶೀಬಾ ಎರಡೂ ಕೈ ಮುಂದೆ ಚಾಚಿದಳು, ಕಾಲು ನೆಟ್ಟಗೆ ಬಿಗಿದಳು, ಗೋಡೆಗೆ ಒರಗಿಸಿದ ಏಣಿ ಜಾರಿದಂತೆ ಇಡೀ ಮೈ ಹಿಂದಕ್ಕೆ ವಾಲಿತು. ಮೇಷ್ಟ್ರು ಭುಜ ಹಿಡಿಯದಿದ್ದರೆ ತಲೆ ನೆಲಕ್ಕೆ ಬಡಿಯುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಅಸ್ಗರನ ಕೈ ತಾನಾಗಿ ಮುಂದೆ ಬಂದಿತ್ತು. ಅದನ್ನು ಹಿಂದಕ್ಕೆಳೆದುಕೊಂಡು ಜೇಬಿನಲ್ಲಿಟ್ಟುಕೊಂಡ. ಹುಟ್ಟಿದಾಗಿನಿಂದ ಕಣ್ಣು ಕಾಣದ ಅವನ ಮಗಳಿಗೆ ಈಗ ಏಳು ವರ್ಷ. ಕೈ ಹಿಡಿದರೆ ಕಾಲೆಳೆದುಕೊಂಡು ನಡೆಯುತ್ತಿದ್ದಳು. ಮೆಟ್ಟಿಲು ಬಂದರೆ ಎತ್ತಿಕೊಳ್ಳಬೇಕು. ಮಂಡ್ಯದ ಡಾಕ್ಟರು ಎರಡು ಸಲ ನೋಡಿ, ಮೂಳೆ ಸರಿಯಿದೆ, ನರ ಸರಿಯಿದೆ ಎಂದಿದ್ದರು. ರಾತ್ರಿ ನಿದ್ದೆಯಲ್ಲಿ ಮಂಡಿ ಮಡಚಿ, ಮುದುಡಿಕೊಂಡು ಮಲಗುವವಳು ಬೆಳಗ್ಗೆ ಎದ್ದರೆ ಕೋಲಾಗಿಬಿಡುತ್ತಿದ್ದಳು. ಯಾಕೆ ಎನ್ನುವುದು ಅಸ್ಗರನಿಗೆ ತಿಳಿಯುತ್ತಿರಲಿಲ್ಲ.

ಚನ್ನಪಟ್ಟಣದ ಆ ಹಗಲು ಕೇಂದ್ರದಲ್ಲಿ ಆರು ಅಂಧ ಮಕ್ಕಳಿದ್ದರು. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದ ಬೋರಲಿಂಗಯ್ಯ ವಾರಕ್ಕೆ ಮೂರು ದಿನ ಬೆಳಗ್ಗೆ ಬಂದು ಯೋಗ ಹೇಳಿಕೊಡುತ್ತಿದ್ದರು. ಚಾಪೆಯ ಅಂಚು ಕಾಲಿಗೆ ಸಿಗಲೆಂದು ಸುತ್ತ ಹಗ್ಗ ಹೊಲಿಸಿದ್ದರು. ಒಂದೊಂದು ಆಸನಕ್ಕೂ ಆರು ಮಕ್ಕಳು ಸರದಿಯಲ್ಲಿ ಬಂದು ಅವರ ಕೈ, ಭುಜ, ಸೊಂಟ ಮುಟ್ಟಿ ನೋಡಬೇಕಿತ್ತು. "ಆರ್ ಮಕ್ಳಿಗೂ ನಂದೊಂದೇ ಮೈ ಅಸ್ಗರ್. ಕಡೇ ಮಗ ಬರೋಗಂಟ ಒಂಟಿ ಕಾಲಲ್ಲಿ ನಿಂತು ನಂಗೇ ತಲೆ ತಿರುಗ್ತದೆ. ಆಸನದ ಗೊಂಬೆ ಮಾಡ್ಕೊಡು" ಎಂದು ಅವರೇ ಕೇಳಿದ್ದರು.

ಅಸ್ಗರ್ ಇಪ್ಪತ್ತು ವರ್ಷದಿಂದ ಮರ ತಿರುಗಿಸುವ ಲೇತಿನಲ್ಲಿ ಗೊಂಬೆ ಕಡೆಯುತ್ತಿದ್ದವನು. ನಿಂತ ಗೊಂಬೆ ಮಾಡಿದ, ಕೈ ಎತ್ತಿದ ಗೊಂಬೆ ಮಾಡಿದ. ಕುರ್ಚಿ ಆಸನಕ್ಕೆ ಕಾಲಿನ ತೂತನ್ನು ಓರೆಯಾಗಿ ಕೊರೆದು, ಗೊಂಬೆಯನ್ನು ಹಿಂದಕ್ಕೆ ವಾಲಿಸಿ, ಬೀಳದಂತೆ ಮರದ ಪೀಠಕ್ಕೆ ಬೆಣೆ ಹೊಡೆದು ಕೂರಿಸಿದ. ಮೊನ್ನೆ ತಂದುಕೊಟ್ಟಾಗ ಮೇಷ್ಟ್ರು ಬಣ್ಣ ಚೆನ್ನಾಗಿದೆ ಎಂದು ತೆಗೆದಿಟ್ಟುಕೊಂಡಿದ್ದರು.

ಈಗ ಅವರು, ಶೀಬಾ ಆಗಷ್ಟೇ ಸವರಿ ನೋಡಿದ್ದ ಆ ಗೊಂಬೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಶೀಬಾಳನ್ನು ನೋಡಿದರು. ನಗು ಬಂದುಬಿಟ್ಟಿತು.

"ಲೇ ಅಸ್ಗರ್, ನಿನ್ ಮಗ್ಳು ತಪ್ಪು ಮಾಡಿಲ್ಲ ಕಣ್ಲಾ. ಗೊಂಬೆ ಎಂಗೈತೋ ಅಂಗೇ ಮಾಡವ್ಳೆ. ಗೊಂಬೆಗೆ ಪೀಠ ಐತೆ, ಈ ಮಗೀಗೆ ಎಲ್ಲೈತೆ?"

"ಕಾಲು ಸರಿಯಾಗೇ ಇದೆಯಲ್ಲ ಮೇಷ್ಟ್ರೇ."

"ಕಾಲೈತೆ. ಮಂಡಿ ಎಲ್ಲಿ?"

ಅಸ್ಗರ್ ಗೊಂಬೆಯ ಕಾಲಿನ ಮೇಲೆ ಬೆರಳಾಡಿಸಿದ. ಅರಗು ಹಚ್ಚಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ತಂದ ಕಾಲು ಸೊಂಟದಿಂದ ಪಾದದವರೆಗೆ ಎಲ್ಲೂ ತಡೆಯಿಲ್ಲದೆ ನುಣುಪಾಗಿತ್ತು. ಅಷ್ಟು ನುಣುಪು ಬಂದರೆ ವ್ಯಾಪಾರಿಗಳು ಮೆಚ್ಚುತ್ತಿದ್ದರು.

"ಮೈಸೂರಿನ್ ಅಂಧರ ಸ್ಕೂಲಿಂದ ಸರಸಮ್ಮ ಮೇಡಂ ಬರೋಕೆ ಇನ್ನು ಇಪ್ಪತ್ತೆರಡು ದಿನ ಐತೆ" ಎಂದರು ಮೇಷ್ಟ್ರು, ಈ ಸಲ ನಗದೆ. "ಮೂರು ಮೆಟ್ಲು ತಾನೇ ಅತ್ತಿ ಇಳೀಬೇಕು. ಕುಕ್ಕರುಗಾಲಲ್ಲಿ ಕೂತು ತಾನೇ ಏಳ್ಬೇಕು. ಇಲ್ದಿದ್ರೆ ಆಸ್ಟೆಲ್ಗೆ ತಕೊಳಾಕಿಲ್ಲ. ಮುಂದಿನ್ ವರ್ಷ ಎಂಟು ತುಂಬ್ತದೆ, ಆಗ ವಯಸ್ಸಾತು ಅಂತಾರೆ. ಮನೇಲೇ ಉಳೀತಾಳೆ."

ಮನೆ ಎಂದರೆ ಅಸ್ಗರನ ಲೇತ್ ಶೆಡ್ಡು. ಅವನ ಹೆಂಡತಿ ಖತೀಜಾ ಎರಡು ವರ್ಷದಿಂದ ಬಿಡದಿ ಕಡೆಯ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬೆಳಗ್ಗೆ ಏಳಕ್ಕೆ ವ್ಯಾನು ಬಂದರೆ ಸಂಜೆ ಏಳಕ್ಕೆ ಬಿಡುವುದು. ಪ್ಲಾಸ್ಟಿಕ್ ಗೊಂಬೆ ಬಂದ ಮೇಲೆ ಅವಳ ಸಂಬಳವೇ ಮನೆಗೆ ಆಧಾರ. ಹಾಗಾಗಿ ಕೇಂದ್ರ ಮುಗಿದ ಮೇಲೆ ಶೀಬಾ ಶೆಡ್ಡಿನ ಮೂಲೆಯಲ್ಲಿ ಕಾಲು ಚಾಚಿ ಕೂರಬೇಕು. ಅಲ್ಲಿಂದ ಹತ್ತು ಅಡಿಗೆ ಅಪ್ಪನ ಲೇತು, ಅದರಾಚೆ ಜೊತೆಯಲ್ಲಿ ಕೆಲಸ ಮಾಡುವ ಬಸವಯ್ಯನದು. ಎರಡಕ್ಕೂ ಮುಚ್ಚಳವಿಲ್ಲದ ಬೆಲ್ಟು, ಬೆರಳು ತಾಗಿದರೆ ಕೈಯನ್ನೇ ಎಳೆದುಕೊಳ್ಳುವಂಥದ್ದು. "ಕದಲಬೇಡ" ಎಂದು ಅಸ್ಗರ್ ಹೇಳಿ ಸ್ವಿಚ್ಚು ಒತ್ತುತ್ತಿದ್ದ. ಅವಳು ಕದಲುತ್ತಿರಲಿಲ್ಲ. ಆಟಕ್ಕೆ ಪಕ್ಕದಲ್ಲಿ ಒಂದು ಬುಟ್ಟಿ ತುಂಬ ಗೊಂಬೆ, ಬಣ್ಣ ಕೆಟ್ಟವು, ಸೀಳು ಬಿಟ್ಟವು. ಹೊತ್ತು ಹೋಗಲೆಂದು ಅವಳು ಒಂದೊಂದನ್ನೇ ತೆಗೆದು ತಲೆಯಿಂದ ಕಾಲಿನವರೆಗೆ ಸವರಿ ಬುಟ್ಟಿಗೆ ಹಾಕುತ್ತಿದ್ದಳು.

ಆ ದಿನ ಅಸ್ಗರ್ ಬೇರೆ ಕೆಲಸ ಮುಟ್ಟಲಿಲ್ಲ. ಗೊಂಬೆಯ ಕಾಲನ್ನು ನಡುವೆ ಕೊಯ್ದು, ಕೆಳಗಿನ ತುಂಡಿಗೆ ಸೀಳು ಮಾಡಿ, ಬಿದಿರ ಕಡ್ಡಿ ತೂರಿಸಿದ. ಕಾಲು ಮಡಚಿತು. ಆದರೆ ಮುಂದಕ್ಕೂ ಮಡಚಿತು, ಹಿಂದಕ್ಕೂ ಮಡಚಿತು. ನಿಲ್ಲಿಸಿದರೆ ಕುಸಿಯಿತು.

"ಗೊಂಬೆಗೆ ಮಂಡಿ ಇಟ್ರೆ ನಾಳೆ ಅದ್ಕೆ ಮಂಡಿ ನೋವು ಬತ್ತದೆ ಕಣ್ಲಾ. ಔಷ್ದಿ ಯಾರ್ಲಾ ತರೋರು?" ಎಂದ ಬಸವಯ್ಯ.

"ಸುಮ್ನಿರಪ್ಪ. ಮಂಡಿ ಯಾವ ಕಡೆ ಮಡಚ್ತದೆ ಹೇಳು."

"ಯಾವ ಕಡೆ ಅಂದ್ರೆ..." ಬಸವಯ್ಯ ತನ್ನ ಕಾಲನ್ನೇ ನೋಡಿಕೊಂಡ. "ಮಂಡಿ ಮುಂದಕ್ ಬತ್ತದೆ, ಕಾಲು ಇಂದಕ್ ಓಯ್ತದೆ. ಅಯ್ಯೋ, ನಂಗೂ ಗೊಂದ್ಲ ಮಾಡ್ಬುಟ್ಟಲ್ಲೋ."

ಎರಡು ಗಂಟೆಗೆ ಕರೆಂಟು ಹೋಯಿತು. ಬೆಲ್ಟಿನ ಸದ್ದು ನಿಂತ ಮೇಲೆ ಶೀಬಾ ಕೈ ಚಾಚಿದಳು. ಅಸ್ಗರ್ ಹೊಸ ಗೊಂಬೆ ಕೊಟ್ಟ. ಅವಳು ಎಂದಿನಂತೆ ಸವರಿದಳು. ಬೆರಳು ನಡುಗಾಲಿಗೆ ಬಂದಾಗ ನಿಂತಿತು.

"ಅಬ್ಬಾ, ಇದು ಮುರಿದಿದೆ" ಎಂದಳು ಅಪ್ಪನಿಗೆ.

"ಮುರಿದಿಲ್ಲ ಬೇಟಾ. ಅದು ಮಂಡಿ."

ಅವಳು ಗೊಂಬೆಯ ಕಾಲನ್ನು ಮುಂದಕ್ಕೆ ಮಡಚಿದಳು, ಪಾದ ಹೊಟ್ಟೆಗೆ ತಾಗುವಂತೆ. ಹಿಂದಕ್ಕೆ ಮಡಚಿದಳು. ಆಮೇಲೆ ಕೇಳಿದಳು: "ನಿನ್ನದೂ ಇಲ್ಲಿ ಮುರಿದಿದೆಯಾ?"

ಅಸ್ಗರ್ ಕೈಯಲ್ಲಿದ್ದ ಬಿದಿರ ಕಡ್ಡಿ ಕೆಳಗಿಟ್ಟ. ಏಳು ವರ್ಷ ಈ ಹುಡುಗಿ ತನ್ನ ಹೆಗಲ ಮೇಲೆ ಓಡಾಡಿದ್ದಾಳೆ, ಕುತ್ತಿಗೆ ಅಪ್ಪಿಕೊಂಡಿದ್ದಾಳೆ. ಸೊಂಟದಿಂದ ಕೆಳಗೆ ಅಪ್ಪ ಹೇಗಿದ್ದಾನೆ ಎಂದು ಇವಳಿಗೆ ಯಾರು ತೋರಿಸಿದ್ದಾರೆ? ಎದ್ದು ಅವಳ ಮುಂದೆ ನಿಂತ. ಅವಳ ಕೈಯನ್ನು ತನ್ನ ಪಾದದ ಮೇಲಿಟ್ಟ.

ಅವಳು ನಿಧಾನವಾಗಿ ಮೇಲಕ್ಕೆ ಬಂದಳು. ಹಿಮ್ಮಡಿ, ಮೀನಖಂಡ, ಮಂಡಿಚಿಪ್ಪು. ಅಲ್ಲಿ ಎರಡೂ ಕೈಯಲ್ಲಿ ಹಿಡಿದುಕೊಂಡು, "ಬಗ್ಗಿಸು" ಎಂದಳು. ಅವನು ಬಗ್ಗಿಸಿದ. ಮಂಡಿ ಅವಳ ಅಂಗೈ ತುಂಬಿಕೊಂಡು ಮುಂದೆ ಬಂತು. "ಇನ್ನೊಂದು ಸಲ." ಎಷ್ಟು ಸಲವೆಂದು ಅವನು ಎಣಿಸಲಿಲ್ಲ.

"ಅಮ್ಮೀಗೂ ಇದೆಯಾ?"

"ಇದೆ."

"ಬಸವಯ್ಯ ಮಾಮನಿಗೆ?"

ಬಸವಯ್ಯ ತಾನೇ ಬಂದು ಪಂಚೆ ಎತ್ತಿ ಕಟ್ಟಿ ಕಾಲು ಕೊಟ್ಟ. ಬಗ್ಗಿಸಿದರೆ ಲಟಕ್ ಎಂದಿತು. ಶೀಬಾ ಬೆಚ್ಚಿ ಕೈ ತೆಗೆದಳು. "ಎದ್ರಬ್ಯಾಡ ಕಣವ್ವ. ಅಳೇ ಮಾಲು, ಒಸಿ ಸದ್ದು ಮಾಡ್ತದೆ" ಎಂದ ಅವನು.

ಅವಳು ನಗಲಿಲ್ಲ. ತನ್ನ ಚಾಚಿದ ಕಾಲಿನ ಮೇಲೆ ಕೈಯಿಟ್ಟು ಹುಡುಕತೊಡಗಿದಳು.

ಮುಂದಿನ ಮೂರು ವಾರ ಮೇಷ್ಟ್ರು ದಿನಾ ಬಂದರು. ಗೊಂಬೆಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಶೀಬಾ ಗೋಡೆಗೆ ಬೆನ್ನು ಕೊಟ್ಟು ಜಾರಿ ಕೂತು ಏಳುವುದನ್ನು ಕಲಿತಳು. ಬಿದ್ದಳು, ಅತ್ತಳು, ಒಂದು ದಿನ ಬರುವುದಿಲ್ಲ ಎಂದು ಹಟ ಮಾಡಿದಳು. ನಡೆಯುವ ಮುಂಚೆ ಮಂಡಿ ಸಡಿಲಿಸಿ, ಕೈ ಮುಂದೆ ಚಾಚಿ, ಒಂದು ಉಸಿರಿನಷ್ಟು ಹೊತ್ತು ನಿಲ್ಲಬೇಕೆಂದು ಮೇಷ್ಟ್ರು ಕಲಿಸಿದರು.

ಶನಿವಾರ ಸರಸಮ್ಮ ಮೇಡಂ ಬಂದರು. ಕೇಂದ್ರದ ಮುಂದಿನ ಮೂರು ಮೆಟ್ಟಿಲನ್ನು ಶೀಬಾ ಗೋಡೆ ಹಿಡಿದು ಹತ್ತಿದಳು. ಆಳದ ನೀರಿನಲ್ಲಿ ನಡೆಯುವವರ ಹಾಗೆ ಮಂಡಿಯನ್ನು ಬೇಕಾದ್ದಕ್ಕಿಂತ ಎತ್ತರಕ್ಕೆ ಎತ್ತುತ್ತಿದ್ದಳು. ಇಳಿಯುವಾಗ ಕಡೆಯ ಮೆಟ್ಟಿಲಲ್ಲಿ ತಡವರಿಸಿದಳು. ಅಸ್ಗರ್ ಒಂದು ಹೆಜ್ಜೆ ಮುಂದಿಟ್ಟ. ಮೇಷ್ಟ್ರು ಅವನ ಅಂಗಿ ಹಿಡಿದೆಳೆದರು. ಕುಕ್ಕರುಗಾಲಲ್ಲಿ ಕೂತು, ನೆಲಕ್ಕೆ ಕೈಯೂರಿ ಎದ್ದಳು.

"ಆಯಿತು. ಜೂನ್ ಒಂದನೇ ತಾರೀಖು ಕರೆದುಕೊಂಡು ಬನ್ನಿ" ಎಂದರು ಸರಸಮ್ಮ. "ಅಲ್ಲಿಯವರೆಗೆ ಮನೆಯಲ್ಲಿ ಓಡಾಡೋದಕ್ಕೆ ಬಿಡಿ. ಎತ್ತಿಕೊಳ್ಳಬೇಡಿ."

"ಮೈಸೂರಿಗೆ... ಅವಳೊಬ್ಬಳೇ ಇರಬೇಕಾ ಮೇಡಂ?" ಎಂದು ಅಸ್ಗರ್ ಕೇಳಿದ. ಆ ಹಾಸ್ಟೆಲ್ ಸೀಟಿಗಾಗಿ ವರ್ಷದಿಂದ ಅಲೆದವನು ತಾನೇ ಎಂದು ಕೇಳಿದ ಮೇಲೆ ನೆನಪಾಯಿತು. ಮೇಷ್ಟ್ರು ಅವನ ಮುಖ ನೋಡಿದರು. ಆ ಸಂಜೆ ಖತೀಜಾ ವ್ಯಾನಿನಿಂದಿಳಿದು ಸುದ್ದಿ ಕೇಳಿ ಸಂತೋಷಪಟ್ಟಳು, ಆಮೇಲೆ ಒಲೆಯ ಮುಂದೆ ಕೂತು ಅತ್ತಳು.

ಸೋಮವಾರ ಗಿಲಕಿಯ ಆರ್ಡರಿತ್ತು. ಊಟದ ಹೊತ್ತಿಗೆ ಶೆಡ್ಡಿನ ನೆಲದ ತುಂಬ ತೆಳ್ಳಗೆ ಮರದ ಪುಡಿ ಹರಡಿತ್ತು. ಉಳಿ ಹಿಡಿದು ಬಗ್ಗಿದ್ದ ಅಸ್ಗರನಿಗೆ, ಬಸವಯ್ಯ ತನ್ನ ಲೇತು ನಿಲ್ಲಿಸಿ ಕೂಗಿದ್ದು ಕೇಳಿಸಿತು: "ಲೇ ಅಸ್ಗರ್, ಮಗೀನ್ ನೋಡ್ಲಾ!"

ಅಸ್ಗರ್ ತಲೆಯೆತ್ತಿದ. ಮೂಲೆ ಖಾಲಿಯಿತ್ತು. ಪುಡಿ ಬೀಳದೆ ಉಳಿದ ಎರಡು ನೇರ ಪಟ್ಟೆಗಳು ಅಲ್ಲಿದ್ದವು, ಚಾಚಿದ ಎರಡು ಕಾಲಿನಷ್ಟು ಉದ್ದಕ್ಕೆ. ಅವುಗಳ ತುದಿಯಿಂದ ಪುಟ್ಟ ಪಾದದ ಗುರುತುಗಳು ಲೇತಿನ ಕಡೆಗೆ ಬಂದಿದ್ದವು. ಐದು ಹೆಜ್ಜೆ. ಐದನೆಯದರ ಮೇಲೆ ಶೀಬಾ ನಿಂತಿದ್ದಳು. ಮಂಡಿ ಸಡಿಲವಾಗಿ ಬಗ್ಗಿತ್ತು. ಕೈ ಮುಂದೆ ಚಾಚಿತ್ತು. ಬೆರಳಿನಿಂದ ಬೆಲ್ಟಿಗೆ ಒಂದು ಮೊಳ ಇರಬಹುದು.

ಕದಲಬೇಡ ಎನ್ನುವುದು ನಾಲಿಗೆಯ ತುದಿಗೆ ಬಂತು. ಆ ಮಾತು ಹೊರಗೆ ಬರಲಿಲ್ಲ. ಕೈ ಸ್ವಿಚ್ಚನ್ನು ಹುಡುಕಿ ಒತ್ತಿತು.

ಬೆಲ್ಟು ಪಟಪಟನೆ ಬಡಿದು, ನಿಧಾನವಾಗಿ, ಇನ್ನೂ ನಿಧಾನವಾಗಿ, ನಿಂತಿತು. ಶೀಬಾ ತಲೆ ಓರೆ ಮಾಡಿ ಆ ಸದ್ದು ಪೂರ್ತಿ ಮುಗಿಯುವವರೆಗೆ ಕೇಳಿಸಿಕೊಂಡಳು. ಒಂದು ಕಾಲೆತ್ತಿದಳು. ಯಾವ ಕಡೆ ಇಡಬೇಕೆಂದು ಅಪ್ಪ ಹೇಳಲಿ ಎಂಬಂತೆ ಅದನ್ನು ಹಾಗೆಯೇ ಹಿಡಿದು ನಿಂತಳು. ಅಸ್ಗರ್ ಉಳಿ ಹಿಡಿದುಕೊಂಡೇ ನೋಡುತ್ತಿದ್ದ. ಕೊನೆಗೆ ಎತ್ತಿದ ಕಾಲು, ಯಾರೂ ಹೇಳದೆಯೇ, ಮುಂದಿನ ಪುಡಿಯ ಮೇಲೆ ಸದ್ದಿಲ್ಲದೆ ಇಳಿಯಿತು.