ಯಲ್ಲಮ್ಮನ ಫಿರ್ಯಾದಿ

"ಮೈಗಳ್ಳಿ ಅದಾಳ್ರಿ, ಮತ್ತೇನಿಲ್ಲ," ಎಂದು ಯಲ್ಲಮ್ಮ ಕುರ್ಚಿಯಲ್ಲಿ ಕೂರುವ ಮೊದಲೇ ಫಿರ್ಯಾದಿ ಶುರು ಮಾಡಿದಳು. ಪಕ್ಕದಲ್ಲಿ ಸೊಸೆ ಲೀಲಾ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಪ್ರತಾಪ ನಗರದ ಈ ಡಾಕ್ಟರ್ ಮೃದುಲಾ ಮೂಲತಃ ಬಾಗಲಕೋಟೆಯವರು. ನಾಗಪುರದಲ್ಲಿ ಕೊನೆಗೂ ಕನ್ನಡದಲ್ಲೇ ಸೊಸೆಯನ್ನು ದೂರಬಹುದೆಂಬ ಸಂತೋಷ ಅತ್ತೆಗೆ. ಹಿಂದಿನ ಆರು ಡಾಕ್ಟರುಗಳಿಗೆ ಏನೂ ಸಿಕ್ಕಿರಲಿಲ್ಲ. ಇವರಿಗೂ ಸಿಗದಿದ್ದರೆ ನಾಳೆಯಿಂದ ಅಡುಗೆಮನೆ ಪೂರ್ತಿ ಲೀಲಾಳದೇ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆ ನಾಳೆಯನ್ನು ನೆನೆದೇ ಲೀಲಾಳಿಗೆ ಹೆದರಿಕೆ.

"ಯಾವಾಗಿಂದ ಹಿಂಗ?" ಡಾಕ್ಟರು ಲೀಲಾಳನ್ನು ಕೇಳಿದರು.

ಉತ್ತರ ಬಂದದ್ದು ಯಲ್ಲಮ್ಮನಿಂದ. "ಮೂರು ವರ್ಷದ ಕೆಳಗ ದಸರಾಕ್ಕ ಜ್ವರ ಬಂತ್ರಿ. ಜ್ವರ ಹೋತು, ಈಕಿ ಏಳಲಿಲ್ಲ. ಒಂದಿನ ಹೋಳಿಗಿ ಮಾಡಿದ್ರ ಮರುದಿನ ನೆಟ್ಟಗಿರ್ತಾಳ, ಮೂರನೇ ದಿನ ಬೀಳ್ತಾಳ. ಬಿದ್ಲಂದ್ರ ವಾರಗಟ್ಟಲೆ ಹಾಸಗಿ. ಎಷ್ಟು ಮಲಗಿದ್ರೂ ಎದ್ದಾಗ ಹಿಂಡಿದ ಅರಿವಿ ಇದ್ದಂಗ. ಒಲಿ ಮುಂದ ಹೋಗಿ, ಯಾಕ ಬಂದೆ ಅಂತ ನಿಂತಿರ್ತಾಳ. ಬರೋಬರ್ ನೋಡೀನ್ರಿ ನಾ!"

ಡಾಕ್ಟರು ಒಂದಕ್ಷರ ಬಿಡದೆ ಬರೆದುಕೊಂಡರು, ಹಳೆಯ ರಿಪೋರ್ಟುಗಳನ್ನೆಲ್ಲ ತಿರುವಿ ಹಾಕಿದರು. ಲೀಲಾ ಕಣ್ಣು ತೆರೆದಳು. ಈ ಮೂರು ವರ್ಷದಲ್ಲಿ ತನ್ನನ್ನು ಅತ್ತೆಯಷ್ಟು ಸರಿಯಾಗಿ ಯಾರೂ ನೋಡಿರಲಿಲ್ಲ, ಗಂಡ ಲಕ್ಷ್ಮೀಕಾಂತ ಕೂಡ.

"ಅಮ್ಮಾರ, ನೀವು ಹೇಳಿದ್ದು ಮೈಗಳ್ಳತನ ಅಲ್ರಿ, ರೋಗ," ಎಂದರು ಮೃದುಲಾ. "ಜ್ವರದ ಬೆನ್ನಿಗೆ ಹತ್ತೋ ದಣಿವಿನ ಹಳೇ ರೋಗ. ಎಪ್ಪತ್ತು ವರ್ಷದ ಹಿಂದ ಲಂಡನ್‌ದಾಗ ಒಂದು ಆಸ್ಪತ್ರೆಯ ನರ್ಸುಗಳೇ ಹಿಂಗ ಬಿದ್ದಿದ್ರು. ಮುಂದ ಇಬ್ಬರು ಡಾಕ್ಟರು ಹಳೇ ಕಾಗದ ಓದಿ, ಒಬ್ಬ ಪೇಷಂಟನ್ನೂ ನೋಡದನ, ಇದು ಹೆಂಗಸರ ಮನಸ್ಸಿನ ಆಟ ಅಂತ ಬರದ್ರು. ಭಾಳ ಮಂದಿ ನಂಬಿದ್ರು."

"ನೋಡದನ?" ಯಲ್ಲಮ್ಮನಿಗೆ ರೇಗಿಹೋಯಿತು. "ನಾನರ ನೋಡಿ ಬೈದೀನ್ರಿ!"

ಡಾಕ್ಟರು ನಕ್ಕರು. ಲೀಲಾಳಿಗೂ ನಗು ಬಂತು, ಅದರ ಬೆನ್ನಿಗೇ ಅಳು. ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಇಲ್ಲ, ದಣಿಯುವ ಮೊದಲೇ ಕೂರಬೇಕು, ಅಷ್ಟೇ ಸದ್ಯಕ್ಕೆ ಉಪಾಯ ಎಂದು ಹೇಳಿ ಡಾಕ್ಟರು ಇಬ್ಬರನ್ನೂ ಕಳಿಸಿಕೊಟ್ಟರು.

ಇಳಿಯಲು ಎರಡು ಮಹಡಿ ಮೆಟ್ಟಿಲು. ಮೊದಲ ತಿರುವಿನಲ್ಲೇ ಯಲ್ಲಮ್ಮ ಧೊಪ್ಪನೆ ಕುಳಿತುಬಿಟ್ಟಳು. ಹೋದ ತಿಂಗಳು ರಾಮಟೇಕದ ಗುಡ್ಡವನ್ನು ಎಲ್ಲೂ ನಿಲ್ಲದೆ ಹತ್ತಿದ ಹೆಂಗಸು.

"ಕುಂದ್ರು. ನನಗ ದಮ್ಮು ಹತ್ತೈತಿ."

ಲೀಲಾ ಕುಳಿತಳು. ಮೇಲೆ ಬರುತ್ತಿದ್ದವನೊಬ್ಬ ದಾರಿ ಬಿಡಿ ಎಂಬಂತೆ ನಿಂತ. "ಬಾಜೂನೇ ಜಾ, ಭಾವು!" ಎಂದು ಮರಾಠಿಯಲ್ಲಿ ಅವನನ್ನು ಪಕ್ಕದಿಂದ ಹೋಗಲು ಗದರಿಸಿ, ಯಲ್ಲಮ್ಮ ಸೆರಗಿನಿಂದ ಸೊಸೆಗೆ ಗಾಳಿ ಹಾಕತೊಡಗಿದಳು.