ಹೆರಿಗೆ ಕೋಣೆಯ ಬೀಗ

"ನಿನ್ನ ಮಗಳು ದೊಡ್ಡವಳಾಗಿ ಹೆರೋ ಹೊತ್ತಿಗೆ ಹಿಂಗೆ ಬೀದಿಬೀದಿ ಅಲೆಯೋ ಹಾಗಿಲ್ಲಮ್ಮ. ಇದೇ ಓಣೀಲಿ, ಇದೇ ಕಟ್ಟಡದಲ್ಲಿ ಆಗುತ್ತೆ ಅವಳ ಹೆರಿಗೆ. ಇದು ನನ್ನ ಮಾತು."

ವಾರ್ಡ್ ಆಸ್ಪತ್ರೆ ಶುರುವಾದ ದಿನ ಡಾಕ್ಟರು, ನನ್ನ ಜೊತೆ ಬೀದಿ ಗುಡಿಸುವ ಉದ್ದಕ್ಕನಿಗೆ ಹೀಗೆ ಹೇಳಿದಾಗ ನಾನು ಪಕ್ಕದಲ್ಲೇ ಪೊರಕೆ ಹಿಡಿದು ನಿಂತಿದ್ದೆ. ಆಗಿನ್ನೂ ಅವರ ಮೀಸೆ ಪೂರ್ತಿ ಕಪ್ಪು. ಉದ್ದಕ್ಕನ ಕಂಕುಳಲ್ಲಿ ಅವಳ ಮಗಳು ಗುಬ್ಬಿ. ದೊಡ್ಡಾಸ್ಪತ್ರೆಯ ದಾರಿಯಲ್ಲಿ, ಸೇತುವೆಯ ಮೇಲೆ, ನಾವು ಕಸ ತಳ್ಳುವ ಗಾಡಿಯಲ್ಲೇ ಹುಟ್ಟಿದ ಕೂಸು. ಡಾಕ್ಟರು ಅದನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಂಡರು. ಅದು ಅವರ ಅಂಗಿ ಒದ್ದೆ ಮಾಡಿತು. ಎಲ್ಲರೂ ನಕ್ಕರು, ಅವರೂ ನಕ್ಕರು. ಒಳ್ಳೆ ಮನುಷ್ಯ ಅಂದುಕೊಂಡೆವು.

ಆ ಕಟ್ಟಡದ ಹೆರಿಗೆ ಕೋಣೆ ಒಂದೇ ಸಲ ಸಾಯಲಿಲ್ಲ. ಮೊದಲು ರಾತ್ರಿ ಪಾಳಿಯ ನರ್ಸು ಹೋದಳು. ಆಮೇಲೆ ಮಂಚ ರಿಪೇರಿಗೆಂದು ಹೋಯಿತು. ಮುನಿಸಿಕೊಂಡು ತವರಿಗೆ ಹೋದ ಹೆಂಗಸಿನ ಹಾಗೆ ತಿರುಗಿ ಬರಲೇ ಇಲ್ಲ. ಕೊನೆಗೆ ಸೊಳ್ಳೆ ಹೊಗೆಯ ಮಿಷನ್ನುಗಳನ್ನು ಒಳಗೆ ತುಂಬಿ ಬೀಗ ಹಾಕಿದರು. ಡಾಕ್ಟರು ಅಷ್ಟರಲ್ಲಿ ಇಡೀ ನಗರದ ಆರೋಗ್ಯಾಧಿಕಾರಿಯಾಗಿದ್ದರು. ನಮ್ಮ ಬಾಯಲ್ಲಿ ದೊಡ್ಡ ಡಾಕ್ಟರು.

ಈ ವರ್ಷ ಬಜೆಟ್ಟಿಗೆ ಮುಂಚೆ ಹೊಸ ಪದ್ಧತಿ ಬಂತು. ಯಾವ ಕೆಲಸಕ್ಕೆ ಮೊದಲು ದುಡ್ಡು ಕೊಡಬೇಕೆಂದು ಜನರೇ ಹೇಳಬೇಕಂತೆ. ಸಭಾಭವನದ ಗೋಡೆಗೆ ದೊಡ್ಡ ಹಾಳೆ ಹಾಕಿದ್ದರು. ಅದರಲ್ಲಿ ಚೌಕ ಚೌಕವಾಗಿ ಚಿತ್ರಗಳು: ಸೊಳ್ಳೆ, ನಾಯಿ, ಉದ್ಯಾನದಲ್ಲಿ ನಡೆಯುವ ದಂಪತಿ, ಕಂಪ್ಯೂಟರು, ಹೆರಿಗೆ ಕೋಣೆಗೆ ತಾಯಿ ಮಗು. ಬಂದವರಿಗೆಲ್ಲ ಒಂದಿಷ್ಟು ಕೆಂಪು ಚುಕ್ಕಿ ಕೊಡುವುದು. ಬೇಕಾದ ಚಿತ್ರದ ಮೇಲೆ ಅಂಟಿಸುವುದು. ಓದು ಬಾರದವರಿಗೂ ಅನುಕೂಲ ಎಂದು ಮೇಡಂ ಒಬ್ಬರು ಮೈಕಿನಲ್ಲಿ ಹೇಳಿದರು.

ಭವನ ಗುಡಿಸಲು ಮೇಸ್ತ್ರಿ ನನ್ನನ್ನೂ ಉದ್ದಕ್ಕನನ್ನೂ ಹಾಕಿದ್ದ. ಗುಬ್ಬಿಗೆ ದಿನ ತುಂಬುತ್ತ ಬಂದಿತ್ತು, ಅವಳ ಗಂಡ ಲಾರಿ ಮೇಲೆ ಎಲ್ಲೋ ಇದ್ದ. ರಜೆ ಕೇಳಿದರೆ ಮೇಸ್ತ್ರಿ, ಹೆರೋಳು ಅವಳಾ ನೀನಾ ಎಂದು ಕೇಳಿದ್ದನಂತೆ. ಅವನ ನಾಲಗೆ ಸೇದಿಹೋಗಲಿ ಎಂದು ಬೈಯುತ್ತಲೇ ಉದ್ದಕ್ಕ ಕುರ್ಚಿ ಒರೆಸಿದಳು.

ನಮ್ಮ ಓಣಿಯ ಹೆಂಗಸರು ಬೆಳಿಗ್ಗೆಯೇ ಬಂದು ಸಾಲು ನಿಂತರು. ಚುಕ್ಕಿ ಅಂಟಿಸಿದರು. ಎಲ್ಲವನ್ನೂ ತಾಯಿ ಮಗುವಿನ ಮೇಲೆಯೇ. ಚೌಕ ಚಿಕ್ಕದು, ಜಾಗ ಸಾಲದೆ ಒಂದರ ಮೇಲೊಂದು ಒತ್ತಿದರು. ಕೂಸಿನ ಮುಖ ಕಾಣದ ಹಾಗೆ ಕೆಂಪು ಗುಡ್ಡೆಯಾಯಿತು. ಪಕ್ಕದ ಸೊಳ್ಳೆಯ ಮೇಲೆ ಎತ್ತರದ ಮನೆಗಳವರು ಅಂಟಿಸಿದ ಚುಕ್ಕಿಗಳು ಅಚ್ಚುಕಟ್ಟಾಗಿ ಸಾಲಾಗಿದ್ದವು. ಇಸ್ತ್ರಿಯವಳು ತನ್ನ ಕೊನೆಯ ಚುಕ್ಕಿಯನ್ನು ಹೆಬ್ಬೆರಳಿನಲ್ಲಿ ಒತ್ತಿ, "ಸೊಳ್ಳೆಗೇನಪ್ಪ, ಅದರ ಹೆರಿಗೆ ಮೋರೀಲೇ ಸಲೀಸಾಗಿ ಆಗುತ್ತೆ," ಅಂದಳು. ಸಾಲಿನಲ್ಲಿ ನಗೆ ಎದ್ದಿತು. ನಮಗೆ ಗೆದ್ದ ಹಾಗೇ ಇತ್ತು.

ಮೇಡಂ ನಗಲಿಲ್ಲ. ಒಬ್ಬರು ಒಂದು ಚೌಕಕ್ಕೆ ಒಂದೇ ಚುಕ್ಕಿ ಹಾಕಬೇಕಿತ್ತಂತೆ, ಉಳಿದದ್ದನ್ನು ಬೇರೆ ಚೌಕಗಳಿಗೆ ಹಂಚಬೇಕಿತ್ತಂತೆ. ಹಾಗೆಂದು ಮೊದಲೇ ಯಾರೂ ಹೇಳಿರಲಿಲ್ಲ. ಅವರು ದೊಡ್ಡ ಡಾಕ್ಟರ ಕಿವಿಯಲ್ಲಿ ಏನೋ ಹೇಳಿದರು. ಡಾಕ್ಟರು ಗೋಡೆಯ ಹತ್ತಿರ ಬಂದು ನೋಡಿ, ಇದು ಗುಂಪುಗಾರಿಕೆ, ಇದನ್ನು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ ಎಂದರು. ಆಮೇಲೆ ಉದ್ದಕ್ಕನ ಕಡೆ ಬೆರಳು ಮಾಡಿ ಕರೆದರು.

"ಏ, ಇವನ್ನೆಲ್ಲ ಕಿತ್ತು ಕ್ಲೀನ್ ಮಾಡು."

ಉದ್ದಕ್ಕ ನಿಂತೇ ಇದ್ದಳು.

"ಕೇಳಿಸ್ಲಿಲ್ವಾ? ಕೌನ್ಸಿಲರ್‌ಗಳು ಬರೋ ಹೊತ್ತು."

ಮೇಸ್ತ್ರಿ ಹಿಂದಿನಿಂದ ಅವಳ ಬೆನ್ನಿಗೆ ಕೈ ಹಾಕಿ ತಳ್ಳಿದ. ಓಣಿಯ ಹೆಂಗಸರೆಲ್ಲ ನೋಡುತ್ತಿದ್ದಂತೆ ಅವಳು ಉಗುರಿನಿಂದ ಕೆರೆದಳು. ಗೊಬ್ಬರ ಗೋಣಿ ಎತ್ತಿ ಎತ್ತಿ ಸವೆದ ಉಗುರು. ಚುಕ್ಕಿಯ ಜೊತೆಗೆ ಹಾಳೆಯೂ ಎದ್ದು ಬಂತು. ತಾಯಿಯ ಕೈ ಉಳಿಯಿತು, ಕೈಯಲ್ಲಿದ್ದ ಕೂಸು ಹರಿದು ಹೋಯಿತು. ದರಿದ್ರದವಳೇ, ಒಂದು ಕೆಲಸ ನೆಟ್ಟಗೆ ಮಾಡೋಕೆ ಬರಲ್ವಾ ಎಂದು ಮೇಡಂ ಗದರಿದರು. ಹರಿದ ಚೌಕ ಚೆನ್ನಾಗಿ ಕಾಣುವುದಿಲ್ಲವೆಂದು ಅದರ ಮೇಲೆ ಬಿಳಿ ಕಾಗದ ಮೆತ್ತಿಸಿದರು.

ಆಗ ಇಸ್ತ್ರಿಯವಳ ಮಗಳು ಓಡಿ ಬಂದು, ಗುಬ್ಬಿಯಕ್ಕನಿಗೆ ನೀರು ಒಡೆದಿದೆ ಎಂದಳು.

ವಾರ್ಡಿನ ನರ್ಸು ಅಲ್ಲೇ ಇದ್ದಳು. ಬಾಗಿಲ ಪಕ್ಕ ಮೇಜು ಹಾಕಿ, ಬಂದ ಅತಿಥಿಗಳಿಗೆ ಬಿಪಿ ನೋಡಲು ಅವಳನ್ನು ಕೂರಿಸಿದ್ದರು. ಹೊರಗೆ ಅಂಬುಲೆನ್ಸೂ ಇತ್ತು. ಕಾರ್ಯಕ್ರಮ ಮುಗಿಯುವ ತನಕ ಅಲ್ಲಾಡಿದರೆ ತನ್ನ ಕೆಲಸ ಹೋಗುತ್ತದೆ ಎಂದು ಡ್ರೈವರು ಮುಖ ತಿರುಗಿಸಿಕೊಂಡ. ಉದ್ದಕ್ಕ ನೇರ ದೊಡ್ಡ ಡಾಕ್ಟರ ಮುಂದೆ ಹೋಗಿ ನಿಂತಳು.

"ಸ್ವಾಮಿ, ಸಿಸ್ಟರಮ್ಮನ್ನ ಒಂದ್ ಗಳಿಗೆ ಕಳಿಸಿಕೊಡಿ. ನನ್ನ ಮಗಳು."

"ಮೇಯರ್ ಬರ್ತಿದಾರೆ. ಮೇಜು ಖಾಲಿ ಬಿಡೋಕಾಗಲ್ಲ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು."

"ಆ ಕೋಣೆ ಬೀಗದ ಕೈಯಾದ್ರೂ ಕೊಡಿ. ಮಾತು ಕೊಟ್ಟಿದ್ರಿ ನೀವು. ಇದೇ ಮಗಳನ್ನ ಎತ್ಕೊಂಡು."

ಅವರು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ನೆನಪಾಯಿತು ಅಂತ ನನಗೆ ಅನಿಸಿತು. ಆಣೆ ಮಾಡಿ ಹೇಳಲಾರೆ.

"ಕಟ್ಟಡ ಇದೆಯಲ್ಲಮ್ಮ, ಎಲ್ಲೂ ಹೋಗಿಲ್ಲ," ಎಂದರು. "ಆದ್ಯತೆ ಅಂತ ಒಂದಿರುತ್ತೆ. ಅರ್ಥ ಮಾಡ್ಕೋಬೇಕು."

"ನಿನ್ನ ಆದ್ಯತೆಗೆ ಬೆಂಕಿ ಹಾಕ," ಎಂದಳು ಉದ್ದಕ್ಕ. ಕೂಗಲಿಲ್ಲ. ಪೊರಕೆ ಅವರ ಕಾಲ ಬಳಿ ಬಿಟ್ಟು ಹೊರಟಳು.

ನಾನೂ ಹೊರಟೆ. ಬಾಗಿಲಲ್ಲಿ ನರ್ಸು ತಲೆ ಎತ್ತದೆ, ಮೇಜಿನ ಕೆಳಗಿನಿಂದ ಒಂದು ಜೊತೆ ಕೈಗವಸು, ಒಂದು ಕತ್ತರಿ ನನ್ನ ಕೈಗೆ ತುರುಕಿದಳು. ಅವಳೂ ನಮ್ಮ ಹಾಗೆ ಗುತ್ತಿಗೆಯವಳೇ.

ಓಣಿಯ ಹೆಂಗಸರು ಗುಬ್ಬಿಯನ್ನು ನಡೆಸಿಕೊಂಡು ರಸ್ತೆಗೆ ತಂದಿದ್ದರು. ನೀರು ಒಡೆದದ್ದು ಕಂಡು ಆಟೊದವನು, ಸೀಟು ಹಾಳಾಗುತ್ತದೆಂದು ಗಾಡಿ ತಿರುಗಿಸಿಕೊಂಡು ಹೋಗಿದ್ದ. ಇಸ್ತ್ರಿಯವಳು ಅವನ ತಾಯಿ ತಂಗಿಯರನ್ನೆಲ್ಲ ಎಳೆದು ಬೈಯುತ್ತಿದ್ದಳು. ಗುಬ್ಬಿಗೆ ಇನ್ನೊಂದು ಹೆಜ್ಜೆ ಇಡಲಾಗಲಿಲ್ಲ. ವಾರ್ಡ್ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು, "ಅವ್ವಾ, ಆಗ್ತಿಲ್ಲ ಕಣೇ," ಎಂದಳು.

ಉದ್ದಕ್ಕ ಮೋರಿಯ ಚಪ್ಪಡಿ ಎತ್ತುವ ಹಾರೆ ತಂದಳು. ಬೀಗದ ಕೊಂಡಿಗೆ ಸಿಕ್ಕಿಸಿ ಇಡೀ ಮೈ ಭಾರ ಹಾಕಿದಳು. ಕೊಂಡಿ ಕಿತ್ತು ಬಂತು. ಒಳಗೆ ಸೀಮೆಎಣ್ಣೆಯ ವಾಸನೆ. ಮಿಷನ್ನುಗಳನ್ನು ಎಳೆದು ಬದಿಗೆ ಹಾಕಿ, ನಮ್ಮ ಸೀರೆಗಳನ್ನು ಬಿಚ್ಚಿ ನೆಲಕ್ಕೆ ಹಾಸಿದೆವು. ಲಂಗದಲ್ಲೇ ನಿಂತು ಕೆಲಸ ಮಾಡಿದೆವು. ನೋಡುವವರು ನೋಡಲಿ.

ನಾನು ಹೆತ್ತಿದ್ದೇನೆ, ಹೆರಿಸಿದವಳಲ್ಲ. ತಲೆ ಬಂತು. ಹೊಕ್ಕುಳಬಳ್ಳಿ ಕೂಸಿನ ಕುತ್ತಿಗೆಗೆ ಬಿಗಿದಿತ್ತು. ಬೆರಳು ತೂರಿಸಲು ನೋಡಿದೆ. ಕೈಗವಸು ದೊಡ್ಡದು, ಜಾರುತ್ತಿತ್ತು, ಕಿತ್ತೆಸೆದೆ. ಬರೀ ಕೈಗೂ ಬಳ್ಳಿ ಸಿಗಲಿಲ್ಲ, ಕತ್ತರಿ ತೂರಿಸಲೂ ಎಡೆಯಿರಲಿಲ್ಲ. ಸಭಾಭವನದ ಮೈಕು ಅಲ್ಲಿಗೂ ಕೇಳುತ್ತಿತ್ತು. ಸೊಳ್ಳೆಗೆ ಮೊದಲ ಸ್ಥಾನ ಎಂದರು. ಚಪ್ಪಾಳೆ ಬಿತ್ತು. ಉದ್ದಕ್ಕ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು, ತಿಣುಕು ನನ್ನವ್ವ, ಇನ್ನೊಂದ್ ಸಲ ತಿಣುಕು ಎನ್ನುತ್ತಲೇ ಇದ್ದಳು.

ಹೆಣ್ಣುಕೂಸು. ಬೆನ್ನು ತಟ್ಟಿದೆ, ಕಾಲು ಹಿಡಿದು ತಲೆಕೆಳಗು ಮಾಡಿದೆ, ಬಾಯಿಗೆ ಬಾಯಿ ಇಟ್ಟು ಊದಿದೆ. ಅದು ಅಳಲಿಲ್ಲ. ಗುಬ್ಬಿ ಮಾತ್ರ, "ಯಾಕೆ ಸುಮ್ಮನಿದಾಳೆ ಚಿಕ್ಕಮ್ಮ, ಯಾಕೆ ಸುಮ್ಮನಿದಾಳೆ," ಎಂದು ನನ್ನನ್ನೇ ಕೇಳುತ್ತಿದ್ದಳು. ನಾನು ಕೂಸನ್ನು ಒರೆಸುತ್ತ ಕೂತೆ. ಒರೆಸುವಂಥದ್ದು ಏನೂ ಉಳಿದಿರಲಿಲ್ಲ.

ಬಿಸಿಲು ಇಳಿದ ಮೇಲೆ ನರ್ಸು ಓಡಿ ಬಂದು ಗುಬ್ಬಿಯನ್ನು ನೋಡಿದಳು. ಅವಳ ಹಿಂದೆಯೇ ದೊಡ್ಡ ಡಾಕ್ಟರು, ಮೇಸ್ತ್ರಿ, ಒಬ್ಬ ಪೊಲೀಸಿನವನು. ಸರ್ಕಾರಿ ಬೀಗ ಒಡೆದವರು ಯಾರು ಎಂದು ಪೊಲೀಸಿನವನು ಕೇಳಿದ. ಸೀರೆಯಲ್ಲಿ ಸುತ್ತಿ ನೆಲದ ಮೇಲಿಟ್ಟಿದ್ದ ಕೂಸನ್ನು ನೋಡಿ ಡಾಕ್ಟರು ಹೊಸ್ತಿಲಿನಿಂದ ಹಿಂದೆ ಸರಿದರು. ಮೇಸ್ತ್ರಿಯ ಕೈಯಲ್ಲಿ ಹೊಸ ಬೀಗವಿತ್ತು.

"ನಾನೇ ಒಡೆದಿದ್ದು," ಎಂದಳು ಉದ್ದಕ್ಕ. "ಬರ್ಕೋ."

ಕೂಸನ್ನು ಎತ್ತಿಕೊಂಡು ಹೋಗಿ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಳು. ಅವಳ ಪಕ್ಕದಲ್ಲಿ ಇಸ್ತ್ರಿಯವಳು ಕೂತಳು, ನಾನು ಕೂತೆ. ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು ಮೆಟ್ಟಿಲ ಮೇಲೆ ಕೂತರು. ಮೇಸ್ತ್ರಿ ಬಾಗಿಲೆಳೆಯಲು ಬಂದವನು ಹಾಗೇ ನಿಂತ.

ಡಾಕ್ಟರು ಕೊಟ್ಟ ಮಾತು ನಡೆಯಿತು. ಗುಬ್ಬಿಯ ಹೆರಿಗೆ ಅದೇ ಓಣಿಯಲ್ಲಿ, ಅದೇ ಕಟ್ಟಡದಲ್ಲಿ ಆಯಿತು.